ವಾಲ್ಟರ್ ಬ್ರೆನನ್: ಹಾಲಿವುಡ್‌ನ ಬೊಚ್ಚುಬಾಯಿ ಅಜ್ಜನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಲ್ಟರ್ ಬ್ರೆನನ್ ಅಂದ್ರೆ ಯಾರು?

ಹಳೆಯ ಕೌಬಾಯ್ ಸಿನಿಮಾ ನಾಲ್ಕೈದು ನೋಡಿದವರಿಗೆ ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರುತ್ತದೆ. ಹೀರೋ ಪಕ್ಕದಲ್ಲಿ ಒಬ್ಬ ಮುದುಕ. ಬಾಯಲ್ಲಿ ಹಲ್ಲಿಲ್ಲ. ಒಂದು ಕಾಲು ಎಳೆದುಕೊಂಡು ನಡೆಯುತ್ತಾನೆ. ಕೀಚಲು ದನಿಯಲ್ಲಿ ಸದಾ ಏನೋ ಗೊಣಗುತ್ತಿರುತ್ತಾನೆ. ಗುಂಡು ಹಾರುವ ಹೊತ್ತಿಗೆ ಮಾತ್ರ ಬಂದೂಕು ಹಿಡಿದು ಸರಿಯಾದ ಜಾಗದಲ್ಲಿ ನಿಂತಿರುತ್ತಾನೆ. ಆ ಮುದುಕನೇ ವಾಲ್ಟರ್ ಬ್ರೆನನ್.

ಸಿನಿಮಾ ಮತ್ತು ಟಿವಿ ಸೇರಿ 200ಕ್ಕೂ ಹೆಚ್ಚು ಪಾತ್ರಗಳನ್ನು ಮಾಡಿದವರು. ಪೋಷಕ ನಟ ವಿಭಾಗದಲ್ಲಿ ಮೂರು ಆಸ್ಕರ್ ಗೆದ್ದವರು ಇವತ್ತಿಗೂ ಇವರೊಬ್ಬರೇ. ಆದರೂ ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ "ಯಾರು ಅವರು?" ಅಂತಾರೆ. ಪೋಷಕ ನಟರ ಪಾಡೇ ಅಷ್ಟು.

ಅವರು ಕೌಬಾಯ್‌ಗಳ ಊರಿನವರಾ?

ಖಂಡಿತ ಅಲ್ಲ. ಹುಟ್ಟಿದ್ದು 1894ರ ಜುಲೈ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಪಟ್ಟಣದಲ್ಲಿ. ಅಂದರೆ ಅಮೆರಿಕದ ಪೂರ್ವ ಕರಾವಳಿ. ಐರಿಷ್ ಮೂಲದ ಮನೆತನ. ಓದಿದ್ದು ಒಂದು ತಾಂತ್ರಿಕ ಶಾಲೆಯಲ್ಲಿ. ನಾವು ತೆರೆಯ ಮೇಲೆ ಕೇಳುವ ಆ ಹಳ್ಳಿಗಾಡಿನ ಎಳೆದೆಳೆದು ಆಡುವ ಮಾತು ಪೂರ್ತಿ ನಟನೆ. ಟೆಕ್ಸಸ್ ಮುದುಕ, ಕೆಂಟಕಿ ಮುದುಕ, ಸ್ವೀಡನ್‌ನಿಂದ ಬಂದ ಮರ ಕಡಿಯುವವ, ಹೀಗೆ ಯಾರ ಮಾತು ಬೇಕಾದರೂ ಅವರ ನಾಲಿಗೆಗೆ ಒಗ್ಗುತ್ತಿತ್ತು.

ಹಾಗಾದರೆ ಸಿನಿಮಾಕ್ಕೆ ಬಂದದ್ದು ಹೇಗೆ?

ಸುತ್ತು ದಾರಿಯಲ್ಲಿ. ಮೊದಲು ಊರೂರು ತಿರುಗುವ ಮನರಂಜನಾ ತಂಡಗಳಲ್ಲಿ ಸಣ್ಣಪುಟ್ಟ ಪಾತ್ರ. ಆಮೇಲೆ ಮೊದಲ ಮಹಾಯುದ್ಧ ಬಂತು. 101ನೇ ಫೀಲ್ಡ್ ಆರ್ಟಿಲರಿ ಎಂಬ ಫಿರಂಗಿ ದಳ ಸೇರಿ ಫ್ರಾನ್ಸ್‌ನಲ್ಲಿ ಕಾದಾಡಿದರು. ಅಲ್ಲಿ ವಿಷಾನಿಲ ತಗುಲಿ ಗಂಟಲು ಕೆಟ್ಟದ್ದರಿಂದಲೇ ದನಿ ಹಾಗಾಯಿತು ಅಂತ ಹೇಳುವುದುಂಟು. ವಾಪಸ್ ಬಂದವರು ಗ್ವಾಟೆಮಾಲಾಕ್ಕೆ ಹೋಗಿ ಅನಾನಸ್ ಬೆಳೆಸಲು ನೋಡಿದರು. ಅದು ಕೈಹಿಡಿಯಲಿಲ್ಲ. ನಂತರ ಲಾಸ್ ಏಂಜಲೀಸ್‌ಗೆ ಬಂದು ಸೈಟು, ಜಮೀನಿನ ವ್ಯಾಪಾರಕ್ಕೆ ಇಳಿದರು. ಅದರಲ್ಲಿ ಚೆನ್ನಾಗಿಯೇ ದುಡ್ಡು ಮಾಡಿದರು. 1920ರ ದಶಕದ ಮಧ್ಯದಲ್ಲಿ ಸೈಟಿನ ಬೆಲೆ ಕುಸಿದಾಗ ಅಷ್ಟೂ ಕಳೆದುಕೊಂಡರು.

ಮದುವೆಯಾಗಿತ್ತು, ಮನೆ ನಡೆಯಬೇಕಿತ್ತು. ಊರಲ್ಲಿ ಸುಲಭವಾಗಿ ಸಿಗುತ್ತಿದ್ದ ಕೂಲಿ ಅಂದರೆ ಸ್ಟುಡಿಯೋಗಳಲ್ಲಿ ಎಕ್ಸ್‌ಟ್ರಾ ಕೆಲಸ. ಗುಂಪಿನಲ್ಲಿ ನಿಲ್ಲುವುದು, ಕುದುರೆಯಿಂದ ಬೀಳುವುದು, ಒಂದು ಸಾಲು ಸಿಕ್ಕರೆ ಹೇಳುವುದು. ಹೀಗೇ ಸುಮಾರು ಹತ್ತು ವರ್ಷ ಹೋಯಿತು. 1933ರ 'ದಿ ಇನ್‌ವಿಸಿಬಲ್ ಮ್ಯಾನ್'ನಲ್ಲಿ ಅದೃಶ್ಯ ಮನುಷ್ಯನಿಗೆ ಸೈಕಲ್ ಕಳೆದುಕೊಳ್ಳುವ ಬಡಪಾಯಿ ಇವರೇ. ತ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ 1934ರ ಒಂದು ಕಿರುಚಿತ್ರದಲ್ಲಿ ರೈಲಿನ ಕಂಡಕ್ಟರ್. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಂಥ ಪಾತ್ರಗಳು.

ಹಲ್ಲಿನ ಕಥೆ ನಿಜವಾ?

ಹಲ್ಲು ಹೋದದ್ದು ನಿಜ. 1932ರಲ್ಲಿ ಒಂದು ಅಪಘಾತದಲ್ಲಿ ಮುಂದಿನ ಹಲ್ಲುಗಳೆಲ್ಲ ಉದುರಿದವು. ಹೇಸರಗತ್ತೆ ಒದೆಯಿತು ಅಂತ ಒಂದು ಕಥೆ. ಹೊಡೆದಾಟದ ದೃಶ್ಯದಲ್ಲಿ ಎದುರಿನವನ ಏಟು ನಿಜವಾಗಿಯೇ ಬಿತ್ತು ಅಂತ ಇನ್ನೊಂದು. ಹೇಗಾದರೂ ಇರಲಿ, 38ರ ವಯಸ್ಸಿಗೇ ಹಲ್ಲಿನ ಸೆಟ್ಟು ಬಂತು. ಬೇರೆ ನಟನಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದ. ಬ್ರೆನನ್‌ಗೆ ಅದೇ ಬಂಡವಾಳವಾಯಿತು. ಸೆಟ್ಟು ತೆಗೆದಿಟ್ಟರೆ ಕೆನ್ನೆ ಒಳಕ್ಕೆ ಹೋಗಿ, ಗಲ್ಲ ಮೂಗಿನ ಕಡೆಗೆ ಏರಿ, ಮುಖಕ್ಕೆ ಒಂದೇ ಏಟಿಗೆ 30 ವರ್ಷ ಹೆಚ್ಚಾಗುತ್ತಿತ್ತು. ಮೇಕಪ್ ಖರ್ಚೂ ಇಲ್ಲ!

ನಿರ್ದೇಶಕ ಹೊವಾರ್ಡ್ ಹಾಕ್ಸ್ ಬಹಳ ಸಲ ಹೇಳಿದ ಕಥೆ ಒಂದಿದೆ. 1935ರ 'ಬಾರ್ಬರಿ ಕೋಸ್ಟ್'ಗಾಗಿ ಬ್ರೆನನ್ ಅವರನ್ನು ಕರೆಸಿ, ಒಂದಷ್ಟು ಸಾಲು ಓದಲು ಹೇಳಿದರಂತೆ. ಬ್ರೆನನ್ ಕೇಳಿದ ಮೊದಲ ಪ್ರಶ್ನೆ, "ಇದ್ದುಕೊಂಡಾ, ಇಲ್ಲದೆಯಾ?" ಹಾಕ್ಸ್‌ಗೆ ಅರ್ಥವಾಗಲಿಲ್ಲ. "ಏನು ಇದ್ದುಕೊಂಡು?" "ಹಲ್ಲು." ಹಾಕ್ಸ್ ನಕ್ಕು ಅಲ್ಲೇ ಪಾತ್ರ ಕೊಟ್ಟುಬಿಟ್ಟರು. ಕೆಲವೇ ದಿನದ ಕೆಲಸ ವಾರಗಟ್ಟಲೆ ಎಳೆಯಿತು. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಅವರ ಜೊತೆ ಕರಾರೂ ಆಯಿತು. ಹಾಕ್ಸ್ ಕಥೆಗೆ ಉಪ್ಪುಖಾರ ಹಚ್ಚುವುದರಲ್ಲಿ ಎತ್ತಿದ ಕೈ, ಅದು ನೆನಪಿರಲಿ. ಆದರೆ ಈ ಚಿತ್ರದಿಂದಲೇ ಬ್ರೆನನ್ ದಿಕ್ಕು ಬದಲಾದದ್ದಂತೂ ಹೌದು.

ಅವರು ನಿಜವಾಗಿಯೂ ಕುಂಟುತ್ತಿದ್ದರಾ?

ಇಲ್ಲ. ಅದೂ ನಟನೆಯೇ. ಪಾತ್ರ ಬೇಡಿದರೆ ಕುಂಟು, ಇಲ್ಲದಿದ್ದರೆ ಇಲ್ಲ.

ಮೂರು ಆಸ್ಕರ್ ಯಾವ ಯಾವ ಚಿತ್ರಕ್ಕೆ?

1936ರ 'ಕಮ್ ಆ್ಯಂಡ್ ಗೆಟ್ ಇಟ್', 1938ರ 'ಕೆಂಟಕಿ', 1940ರ 'ದಿ ವೆಸ್ಟರ್ನರ್'. ಐದು ವರ್ಷದ ಚಿತ್ರಗಳಲ್ಲಿ ಮೂರು ಪ್ರಶಸ್ತಿ. ನಟನೆಗೆ ಮೂರು ಆಸ್ಕರ್ ಪಡೆದ ಮೊದಲ ವ್ಯಕ್ತಿ ಇವರೇ.

ಇಲ್ಲಿ ಇನ್ನೊಂದು ವಿಷಯ ಇದೆ. ಪೋಷಕ ಪಾತ್ರಗಳಿಗೆ ಆಸ್ಕರ್ ಕೊಡುವ ಪದ್ಧತಿ ಶುರುವಾದದ್ದೇ 1936ರ ಚಿತ್ರಗಳಿಂದ. ಹಾಗಾಗಿ ಪೋಷಕ ನಟ ಪ್ರಶಸ್ತಿಯ ಪಟ್ಟಿಯಲ್ಲಿ ಮೊಟ್ಟಮೊದಲ ಹೆಸರು ಬ್ರೆನನ್ ಅವರದು. ಆಗ ಪೋಷಕ ನಟರಿಗೆ ಪೂರ್ತಿ ಪ್ರತಿಮೆಯನ್ನೂ ಕೊಡುತ್ತಿರಲಿಲ್ಲ. ಒಂದು ಫಲಕ ಕೊಟ್ಟು ಕಳಿಸುತ್ತಿದ್ದರು. ಪ್ರತಿಮೆ ಹೀರೋಗೆ, ಫಲಕ ಪಕ್ಕದವನಿಗೆ!

1941ರ 'ಸಾರ್ಜೆಂಟ್ ಯಾರ್ಕ್'ನ ಪಾದ್ರಿ ಪಾತ್ರಕ್ಕೆ ನಾಲ್ಕನೇ ನಾಮನಿರ್ದೇಶನ ಬಂತು. ಆ ಸಲ ಡೊನಾಲ್ಡ್ ಕ್ರಿಸ್ಪ್ ಗೆದ್ದರು.

ಎಕ್ಸ್‌ಟ್ರಾಗಳ ವೋಟಿನಿಂದ ಗೆದ್ದರು ಅಂತಾರಲ್ಲ?

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಆ ವರ್ಷಗಳಲ್ಲಿ ಆಸ್ಕರ್‌ಗೆ ಸಾವಿರಾರು ಎಕ್ಸ್‌ಟ್ರಾ ಕಲಾವಿದರೂ ಮತ ಹಾಕಬಹುದಿತ್ತು. ಹತ್ತು ವರ್ಷ ತಮ್ಮ ಜೊತೆ ಬಿಸಿಲಲ್ಲಿ ನಿಂತು, ಡಬ್ಬಿ ಊಟ ತಿಂದವನೊಬ್ಬ ಮೇಲೆ ಬಂದಿದ್ದಾನೆ ಅಂದರೆ ಅವರು ಯಾರಿಗೆ ಹಾಕುತ್ತಾರೆ ಹೇಳಿ? ಬ್ರೆನನ್ ಅವರಿಗೇ ಇದು ಮುಜುಗರ ತರುತ್ತಿತ್ತು ಅಂತ ಹೇಳುತ್ತಾರೆ. ಕೆಲವು ವರ್ಷಗಳ ನಂತರ ಎಕ್ಸ್‌ಟ್ರಾಗಳ ಆ ಹಕ್ಕು ಹೋಯಿತು.

ನನ್ನ ಅಭಿಪ್ರಾಯ ಕೇಳಿದರೆ, ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. 'ಕಮ್ ಆ್ಯಂಡ್ ಗೆಟ್ ಇಟ್'ನಲ್ಲಿ ಸ್ವಾನ್ ಬಾಸ್ಟ್ರಮ್ ಎಂಬ ಸ್ವೀಡಿಷ್ ಮರ ಕಡಿಯುವವನನ್ನು ಯೌವನದಿಂದ ಮುಪ್ಪಿನವರೆಗೆ ಚೆನ್ನಾಗಿ ಒಯ್ದಿದ್ದಾರೆ. 'ಕೆಂಟಕಿ'ಗೆ ಕೊಟ್ಟದ್ದು ಮಾತ್ರ ಜಾಸ್ತಿಯೇ ಆಯಿತು. ಕುದುರೆ ರೇಸಿನ ಕಥೆ, ಸಿಡುಕ ಮುದುಕ, ಜೋರು ಜೋರು ಮಾತು. ಆ ವರ್ಷ ಜಾನ್ ಗಾರ್ಫೀಲ್ಡ್ ತಮ್ಮ ಮೊದಲ ದೊಡ್ಡ ಪಾತ್ರದಲ್ಲೇ ಹೊಸ ಥರದ ನಟನೆ ತೋರಿಸಿದ್ದರು. ಅವರಿಗೆ ಸಿಗಬೇಕಿತ್ತು. ಮೂರನೆಯದರ ಬಗ್ಗೆ ಮಾತ್ರ ಯಾರೇ ತಕರಾರು ತೆಗೆದರೂ ನಾನು ಜಗಳಕ್ಕೆ ಸಿದ್ಧ.

'ದಿ ವೆಸ್ಟರ್ನರ್'ನಲ್ಲಿ ಅಂಥದ್ದೇನಿದೆ?

ರಾಯ್ ಬೀನ್ ಅನ್ನುವವನು ನಿಜವಾಗಿ ಇದ್ದ ಮನುಷ್ಯ. ಟೆಕ್ಸಸ್‌ನ ಮೂಲೆಯಲ್ಲಿ ಒಂದು ಹೆಂಡದಂಗಡಿ ಇಟ್ಟುಕೊಂಡು, ಅಲ್ಲೇ ನ್ಯಾಯಾಲಯವನ್ನೂ ನಡೆಸುತ್ತಿದ್ದ. ಇಂಗ್ಲೆಂಡಿನ ನಟಿ ಲಿಲಿ ಲ್ಯಾಂಗ್‌ಟ್ರಿ ಮೇಲೆ ಹುಚ್ಚು ಅಭಿಮಾನ. 1940ರಲ್ಲಿ ವಿಲಿಯಂ ವೈಲರ್ ಮಾಡಿದ ಚಿತ್ರದಲ್ಲಿ ಈ ಜಡ್ಜ್ ಪಾತ್ರ ಬ್ರೆನನ್‌ಗೆ ಸಿಕ್ಕಿತು. ಹೀರೋ ಗ್ಯಾರಿ ಕೂಪರ್.

ಕುದುರೆ ಕದ್ದ ಆರೋಪದ ಮೇಲೆ ಕೂಪರ್‌ನನ್ನು ಹಿಡಿದು ತರುತ್ತಾರೆ. ನೇಣು ಗ್ಯಾರಂಟಿ. ಅಷ್ಟರಲ್ಲಿ ಅವನ ಕಣ್ಣಿಗೆ ಗೋಡೆ ತುಂಬ ಇರುವ ಲಿಲಿಯ ಚಿತ್ರಗಳು ಬೀಳುತ್ತವೆ. ತನಗೆ ಆಕೆ ಗೊತ್ತು, ಆಕೆಯ ಕೂದಲಿನ ಒಂದು ಎಳೆ ಕೂಡ ತನ್ನ ಹತ್ತಿರ ಇದೆ, ಆದರೆ ಸದ್ಯಕ್ಕೆ ಇಲ್ಲಿಲ್ಲ ಅಂತ ಬುರುಡೆ ಬಿಡುತ್ತಾನೆ. ಆಗ ಬ್ರೆನನ್ ಮುಖ ನೋಡಬೇಕು. ಒಂದು ಕ್ಷಣದ ಹಿಂದೆ ಒಬ್ಬನ ಕೊರಳಿಗೆ ಹಗ್ಗ ಹಾಕಲು ಹೊರಟಿದ್ದ ಮುದುಕ, ಹಬ್ಬದ ದಿನ ಹೊಸ ಬಟ್ಟೆಗೆ ಕಾಯುವ ಹುಡುಗನ ಹಾಗೆ ಆಗಿಬಿಡುತ್ತಾನೆ. ಕಣ್ಣಲ್ಲಿ ಆಸೆ, ಜೊತೆಗೆ ಇವನು ಸುಳ್ಳು ಹೇಳುತ್ತಿದ್ದಾನಾ ಅನ್ನುವ ಅನುಮಾನ. ಎರಡನ್ನೂ ಒಟ್ಟಿಗೆ ತೋರಿಸುತ್ತಾರೆ. ಮಾತು ಕಮ್ಮಿ. ಆಮೇಲೆ ಕೂಪರ್ ಇನ್ಯಾರದೋ ಕೂದಲು ಕತ್ತರಿಸಿ ತಂದು ಕೊಟ್ಟಾಗ ಅದನ್ನು ಹಿಡಿದುಕೊಳ್ಳುವ ರೀತಿ ಇದೆಯಲ್ಲ, ನಗುವೂ ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಇಷ್ಟಾದರೂ ಬೀನ್ ಕೊಲೆಗಾರ ಅನ್ನುವುದನ್ನು ನಾವು ಮರೆಯಲು ಬ್ರೆನನ್ ಬಿಡುವುದಿಲ್ಲ. ಕೊನೆಯಲ್ಲಿ ಲಿಲಿಯ ಕಾರ್ಯಕ್ರಮದ ಅಷ್ಟೂ ಟಿಕೆಟ್ ತಾನೇ ಕೊಂಡು, ಹಳೆಯ ಸೈನ್ಯದ ಸಮವಸ್ತ್ರ ತೊಟ್ಟು, ಖಾಲಿ ಥಿಯೇಟರಿನಲ್ಲಿ ಒಬ್ಬನೇ ಕೂರುತ್ತಾನೆ. ಪರದೆ ಮೇಲೇಳುತ್ತದೆ. ನಿಂತಿರುವುದು ಲಿಲಿ ಅಲ್ಲ, ಬಂದೂಕು ಹಿಡಿದ ಕೂಪರ್.

ಇತಿಹಾಸದಲ್ಲಿ ಹೀಗಾಗಲಿಲ್ಲ. ನಿಜವಾದ ಬೀನ್ 1903ರಲ್ಲಿ ತೀರಿಕೊಂಡ. ಲಿಲಿ ಆ ಊರಿಗೆ ಬಂದದ್ದು 1904ರಲ್ಲಿ. ನನಗೆ ಸಿನಿಮಾದ ಕೊನೆಗಿಂತ ಇದೇ ಜಾಸ್ತಿ ದುಃಖದ್ದು ಅನಿಸುತ್ತದೆ.

ಗ್ಯಾರಿ ಕೂಪರ್ ಜೊತೆ ಗೆಳೆತನ ಇತ್ತಂತೆ, ಹೌದಾ?

ಹೌದು. ಇಬ್ಬರೂ 1920ರ ದಶಕದಲ್ಲಿ ಎಕ್ಸ್‌ಟ್ರಾಗಳಾಗಿ ಅಲೆಯುತ್ತಿದ್ದ ಕಾಲದಿಂದ ಪರಿಚಯ. ಕೂಪರ್ ಬೇಗ ಹೀರೋ ಆದರು, ಬ್ರೆನನ್ ಪಕ್ಕದಲ್ಲಿ ನಿಂತರು. 'ಮೀಟ್ ಜಾನ್ ಡೋ', 'ಸಾರ್ಜೆಂಟ್ ಯಾರ್ಕ್', 'ದಿ ಪ್ರೈಡ್ ಆಫ್ ದಿ ಯಾಂಕೀಸ್', ಹೀಗೆ ಹಲವು ಚಿತ್ರಗಳಲ್ಲಿ ಜೋಡಿ. ಕೂಪರ್ ಮಾತು ಕಮ್ಮಿ, ಬ್ರೆನನ್ ಮಾತಿನ ಮಲ್ಲ. ಹಾಗಾಗಿ ಹೊಂದಿಕೆ ಸೊಗಸು.

ಫ್ರ್ಯಾಂಕ್ ಕ್ಯಾಪ್ರಾ ಅವರ 'ಮೀಟ್ ಜಾನ್ ಡೋ' (1941) ತಪ್ಪಿಸಬೇಡಿ. ಅದರಲ್ಲಿ ಬ್ರೆನನ್ ಕರ್ನಲ್ ಎಂಬ ಅಲೆಮಾರಿ. ಗೆಳೆಯನ ಕೈಗೆ 50 ಡಾಲರ್ ಬಂದದ್ದು ನೋಡಿಯೇ ಹೆದರುತ್ತಾನೆ. ಜೇಬಲ್ಲಿ ದುಡ್ಡು ಬಂದರೆ ಕಾರು ಮಾರುವವನು, ಫೋನು ಮಾರುವವನು, ಎಲ್ಲರೂ ಬೆನ್ನು ಹತ್ತುತ್ತಾರೆ, ಕೊನೆಗೆ ನೀನೂ ಅವರಲ್ಲೊಬ್ಬ ಆಗ್ತೀಯ ಅಂತ ದೊಡ್ಡ ಭಾಷಣ ಬಿಗಿಯುತ್ತಾನೆ. ಕಂತು ಕಟ್ಟುತ್ತಿರುವವರು ಕೇಳಿದರೆ ಇವತ್ತಿಗೂ ಮೈ ಝುಮ್ಮೆನ್ನುತ್ತದೆ.

ಹಾಕ್ಸ್ ಚಿತ್ರಗಳಲ್ಲಿ ಯಾಕೆ ಅಷ್ಟು ಚೆನ್ನಾಗಿರುತ್ತಾರೆ?

ಒಟ್ಟು ಆರು ಚಿತ್ರ ಒಟ್ಟಿಗೆ ಮಾಡಿದರು. ಹಾಕ್ಸ್ ಅವರನ್ನು ಬರೀ ನಗಿಸಲು ಇಟ್ಟುಕೊಳ್ಳಲಿಲ್ಲ, ಹೀರೋನ ಮನಸ್ಸು ತೋರಿಸಲು ಬಳಸಿಕೊಂಡರು. ಹೀರೋ ಗಟ್ಟಿ ಮನುಷ್ಯ, ಬಾಯಿ ಬಿಡುವುದಿಲ್ಲ. ಅವನು ಈ ಮುದುಕನನ್ನು ಹೇಗೆ ನೋಡಿಕೊಳ್ಳುತ್ತಾನೆ ಅನ್ನುವುದರಿಂದ ಅವನು ಎಂಥವನು ಅಂತ ನಮಗೆ ಗೊತ್ತಾಗುತ್ತದೆ.

'ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್' (1944) ನೋಡಿ. ಬ್ರೆನನ್ ಅದರಲ್ಲಿ ಎಡ್ಡಿ, ಕುಡುಕ. ಸಿಕ್ಕಸಿಕ್ಕವರನ್ನು "ಸತ್ತ ಜೇನ್ನೊಣ ಯಾವತ್ತಾದ್ರೂ ನಿನ್ನ ಕಚ್ಚಿದೆಯಾ?" ಅಂತ ಕೇಳುತ್ತಾನೆ. ಎಲ್ಲರೂ ಇವನೊಬ್ಬ ಹುಚ್ಚ ಅಂತ ಮುಖ ತಿರುಗಿಸುತ್ತಾರೆ. ಲಾರೆನ್ ಬಕಾಲ್ ಮಾತ್ರ "ನಿನ್ನ ಕಚ್ಚಿತ್ತಾ?" ಅಂತ ವಾಪಸ್ ಕೇಳುತ್ತಾಳೆ. ಎಡ್ಡಿಯ ಮಟ್ಟಿಗೆ ಆಕೆ ಪರೀಕ್ಷೆ ಪಾಸು. ನಮ್ಮ ಮಟ್ಟಿಗೂ.

'ರೆಡ್ ರಿವರ್' (1948)ನಲ್ಲಿ ದನಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವ ತಂಡದ ಅಡುಗೆಯವ, ಹೆಸರು ಗ್ರೂಟ್. ಇಸ್ಪೀಟಾಡಿ ತನ್ನ ಹಲ್ಲಿನ ಸೆಟ್ಟನ್ನೇ ಸೋಲುತ್ತಾನೆ. ಗೆದ್ದವನು ಊಟದ ಹೊತ್ತಿಗೆ ಮಾತ್ರ ವಾಪಸ್ ಕೊಡುತ್ತಾನೆ. ತಮಾಷೆ ಇದು. ಆದರೆ ಜಾನ್ ವೇಯ್ನ್ ಪಾತ್ರ ದಾರಿ ತಪ್ಪಿದಾಗ ಮುಖಕ್ಕೆ ಹೊಡೆದ ಹಾಗೆ "ನೀನು ಮಾಡಿದ್ದು ತಪ್ಪು" ಅನ್ನುವ ಧೈರ್ಯ ಇರುವುದೂ ಈ ಅಡುಗೆಯವನಿಗೇ.

ಇನ್ನು 1959ರ 'ರಿಯೋ ಬ್ರಾವೋ'. ಜೈಲು ಕಾಯುವ ಕುಂಟ ಸ್ಟಂಪಿ. ಹೊರಗೆ ಬರುವ ಹಾಗಿಲ್ಲ, ಕೈದಿಯ ಎದುರು ಕೂತು ದಿನವಿಡೀ ವಟವಟ. ಯಾರೂ ತನ್ನನ್ನು ಹೊಗಳುವುದಿಲ್ಲ ಅಂತ ಒಂದು ಸಲ ಬೇಜಾರು ಮಾಡಿಕೊಂಡಾಗ, ವೇಯ್ನ್ ಬಗ್ಗಿ ಅವನ ಬೋಳು ತಲೆಗೆ ಮುತ್ತು ಕೊಟ್ಟು ಹೊರಡುತ್ತಾನೆ. ಸ್ಟಂಪಿ ಪೊರಕೆ ತಗೊಂಡು ಅವನ ಹಿಂಭಾಗಕ್ಕೆ ಒಂದು ಬಾರಿಸುತ್ತಾನೆ. ಪ್ರೀತಿಯ ದೃಶ್ಯ ಅಂದರೆ ಇದು.

ಕೆಟ್ಟವನ ಪಾತ್ರ ಮಾಡಿದ್ದಾರಾ?

ಮಾಡಿದ್ದಾರೆ, ಮತ್ತು ಆ ಪಾತ್ರ ನೋಡದೆ ಅವರ ಬಗ್ಗೆ ತೀರ್ಪು ಕೊಡಬೇಡಿ. ಜಾನ್ ಫೋರ್ಡ್ ನಿರ್ದೇಶನದ 'ಮೈ ಡಾರ್ಲಿಂಗ್ ಕ್ಲೆಮಂಟೈನ್' (1946). ಬ್ರೆನನ್ ಅದರಲ್ಲಿ ಕ್ಲ್ಯಾಂಟನ್ ಎಂಬ ಅಪ್ಪ. ಗೊಣಗಾಟ ಇಲ್ಲ, ತಮಾಷೆ ಇಲ್ಲ. ಹೆಂಡದಂಗಡಿಯಲ್ಲಿ ಮಾರ್ಷಲ್ ವಯಟ್ ಅರ್ಪ್ ತನ್ನ ಮಕ್ಕಳನ್ನು ಬಗ್ಗುಬಡಿದಾಗ, ಹುಡುಗರು ಕುಡಿದಿದ್ದರು, ತಪ್ಪಾಯಿತು ಅಂತ ನಯವಾಗಿ ಕ್ಷಮೆ ಕೇಳುತ್ತಾನೆ. ಅರ್ಪ್ ಆಚೆ ಹೋದ ಮೇಲೆ ಚಾಟಿ ಎತ್ತಿಕೊಂಡು ಬೆಳೆದ ಮಕ್ಕಳನ್ನೇ ಬಾರಿಸುತ್ತಾನೆ. ಯಾಕೆ? ಬಂದೂಕು ತೆಗೆದದ್ದಕ್ಕಲ್ಲ. ತೆಗೆದ ಮೇಲೆ ಕೊಲ್ಲದೆ ಬಿಟ್ಟದ್ದಕ್ಕೆ.

ಫೋರ್ಡ್ ಮತ್ತು ಬ್ರೆನನ್ ನಡುವೆ ಎಣ್ಣೆ ಸೀಗೆಕಾಯಿ. ಕುದುರೆ ಹತ್ತಲು ತಡವರಿಸಿದ್ದಕ್ಕೆ ಫೋರ್ಡ್ "ನಿನಗೆ ಕುದುರೆ ಹತ್ತಲೂ ಬರೋದಿಲ್ವಾ?" ಅಂತ ರೇಗಿದಾಗ, ಬ್ರೆನನ್ "ಬರೋದಿಲ್ಲ, ಆದರೆ ನಟನೆಗೆ ಮೂರು ಆಸ್ಕರ್ ಬಂದಿದೆ" ಅಂದರಂತೆ. ಇಬ್ಬರೂ ಮತ್ತೆ ಒಟ್ಟಿಗೆ ಕೆಲಸ ಮಾಡಲಿಲ್ಲ.

ಗ್ಯಾಬಿ ಹೇಯ್ಸ್ ಅಂದರೂ ಇವರೇನಾ?

ಅಲ್ಲ. ಜಾರ್ಜ್ 'ಗ್ಯಾಬಿ' ಹೇಯ್ಸ್ ಬೇರೆ. ಅವರಿಗೂ ಹಲ್ಲಿರಲಿಲ್ಲ, ಅವರೂ ಹೀರೋನ ಮುದಿ ಗೆಳೆಯ, ಹಾಗಾಗಿ ಗೊಂದಲ. ದೊಡ್ಡ ಪೊದೆಗಡ್ಡ ಇದ್ದರೆ ಹೆಚ್ಚಾಗಿ ಅದು ಹೇಯ್ಸ್.

ಎಲ್ಲದರಲ್ಲೂ ಒಂದೇ ಮುದುಕ ಅಲ್ವಾ?

ಮೇಲುನೋಟಕ್ಕೆ ಹೌದು. ಕೆ.ಎಸ್. ಅಶ್ವತ್ಥ್ ಅವರನ್ನು ಬರೀ "ಅಪ್ಪನ ಪಾತ್ರದವರು" ಅಂತ ಹೇಳಿಬಿಡುವ ಹಾಗೆ. ಅವಸರದಲ್ಲಿ ಮಾಡಿದ, ಹಳೆಯದನ್ನೇ ಮತ್ತೆ ಬಡಿಸಿದ ಚಿತ್ರಗಳೂ ಸಾಕಷ್ಟಿವೆ, ಸುಳ್ಳು ಯಾಕೆ ಹೇಳಲಿ. ಆದರೆ ಫ್ರಿಟ್ಜ್ ಲ್ಯಾಂಗ್ ಅವರ 'ಹ್ಯಾಂಗ್‌ಮೆನ್ ಆಲ್ಸೋ ಡೈ' (1943) ಹಾಕಿ ನೋಡಿ. ನಾಜಿಗಳ ಕೈಗೆ ಸಿಕ್ಕ ಪ್ರಾಗ್ ನಗರದ ಒಬ್ಬ ಪ್ರೊಫೆಸರ್. ನೆಟ್ಟಗೆ ಕೂತು, ಮೆಲುದನಿಯಲ್ಲಿ, ಮಗನಿಗೆ ತಲುಪಬೇಕಾದ ಕೊನೆಯ ಮಾತುಗಳನ್ನು ಮಗಳಿಗೆ ಹೇಳುತ್ತಾರೆ. ಸ್ಟಂಪಿ ಎಲ್ಲಿ, ಇವರೆಲ್ಲಿ.

ಟಿವಿಯಲ್ಲೂ ಬಂದಿದ್ದರಾ?

ಅಮೆರಿಕದ ಮನೆಮನೆಗೆ ಗೊತ್ತಾದದ್ದೇ ಟಿವಿಯಿಂದ. 'ದಿ ರಿಯಲ್ ಮೆಕಾಯ್ಸ್' 1957ರಿಂದ 1963ರವರೆಗೆ ಓಡಿತು. ವೆಸ್ಟ್ ವರ್ಜೀನಿಯಾದ ಬೆಟ್ಟಗಾಡಿನಿಂದ ಕ್ಯಾಲಿಫೋರ್ನಿಯಾಕ್ಕೆ ಗುಳೆ ಬಂದ ರೈತ ಕುಟುಂಬ, ಅದರ ಹಟಮಾರಿ ಅಜ್ಜ ಏಮಸ್. ಹಳ್ಳಿಯ ಜನರನ್ನಿಟ್ಟು ಕಾಮಿಡಿ ಧಾರಾವಾಹಿ ಮಾಡಿದರೆ ಜನ ನೋಡುತ್ತಾರೆ ಅಂತ ಚಾನೆಲ್‌ಗಳಿಗೆ ತೋರಿಸಿಕೊಟ್ಟದ್ದು ಇದು. ಆಮೇಲೆ 'ದಿ ಗನ್ಸ್ ಆಫ್ ವಿಲ್ ಸಾನೆಟ್' 1967ರಿಂದ 1969ರವರೆಗೆ.

ಹಾಡೂ ಹಾಡಿದ್ದಾರಂತೆ?

ಹಾಡಿದ್ದಾರೆ ಅನ್ನುವುದಕ್ಕಿಂತ ಮಾತಾಡಿದ್ದಾರೆ. 1962ರ 'ಓಲ್ಡ್ ರಿವರ್ಸ್' ಒಬ್ಬ ಬಡ ರೈತನ ಬಗ್ಗೆ ಸಂಗೀತದ ಜೊತೆ ಹೇಳುವ ಕಥೆ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಆಗ ಅವರಿಗೆ 67 ವರ್ಷ.

ಅವರ ರಾಜಕೀಯದ ಬಗ್ಗೆ ಕೇಳಿದ್ದು ನಿಜವಾ?

ನಿಜ. ಮುಚ್ಚಿಡುವುದು ಬೇಡ. ಅವರು ಕಟ್ಟಾ ಬಲಪಂಥೀಯರು. 1964ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪರ ನಿಂತರು. 1972ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕಿಂತಲೂ ಬಲಕ್ಕಿದ್ದ ಅಭ್ಯರ್ಥಿ ಜಾನ್ ಶ್ಮಿಟ್ಜ್ ಅವರನ್ನು ಬೆಂಬಲಿಸಿದರು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವನ್ನು ವಿರೋಧಿಸಿದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬಂದಾಗ ಖುಷಿಪಟ್ಟರು ಅಂತ ಸೆಟ್‌ನಲ್ಲಿದ್ದವರು ನಂತರ ಹೇಳಿದ್ದಾರೆ.

ತೆರೆಯ ಮೇಲಿನ ಆ ಅಜ್ಜನನ್ನು ಇಷ್ಟಪಟ್ಟವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನಗೂ ಅಷ್ಟೇ. ನಾನು ಸಿನಿಮಾ ನೋಡುವುದನ್ನು ಬಿಟ್ಟಿಲ್ಲ. ಬಿಟ್ಟವರನ್ನು ತಪ್ಪು ಅನ್ನುವುದೂ ಇಲ್ಲ.

ಸಂಸಾರ, ಕೊನೆಗಾಲ?

1920ರಲ್ಲಿ ರೂತ್ ವೆಲ್ಸ್ ಅವರನ್ನು ಮದುವೆಯಾದರು. ಮೂರು ಮಕ್ಕಳು. ಹಾಲಿವುಡ್‌ನಲ್ಲಿ ಅಪರೂಪಕ್ಕೆ, ಆ ಮದುವೆ ಕೊನೆಯವರೆಗೂ ಉಳಿಯಿತು. ಆರೆಗಾನ್ ರಾಜ್ಯದ ಜೋಸೆಫ್ ಎಂಬ ಊರಿನ ಹತ್ತಿರ ಸುಮಾರು 12,000 ಎಕರೆಯ ದನಗಾವಲು ಕೊಂಡಿದ್ದರು. ಊರೊಳಗೆ ಒಂದು ಮೋಟೆಲ್, ಒಂದು ಥಿಯೇಟರ್ ಕಟ್ಟಿಸಿದರು. 1974ರ ಸೆಪ್ಟೆಂಬರ್ 21ರಂದು ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. 80 ವರ್ಷವಾಗಿತ್ತು.

ಯಾವ ಸಿನಿಮಾದಿಂದ ಶುರು ಮಾಡಲಿ?

'ರಿಯೋ ಬ್ರಾವೋ'. ಬಣ್ಣದ ಚಿತ್ರ, ಆರಾಮಾಗಿ ನೋಡಿಸಿಕೊಂಡು ಹೋಗುತ್ತದೆ. ಅದಾದ ಮೇಲೆ 'ದಿ ವೆಸ್ಟರ್ನರ್', ಅದರ ಹಿಂದೆಯೇ 'ಮೈ ಡಾರ್ಲಿಂಗ್ ಕ್ಲೆಮಂಟೈನ್'. 'ಕೆಂಟಕಿ' ಬಿಟ್ಟರೂ ನಷ್ಟವಿಲ್ಲ. 'ರೆಡ್ ರಿವರ್' ನೋಡುವಾಗ ಒಂದು ಎಚ್ಚರಿಕೆ. ಅದಕ್ಕೆ ಎರಡು ಆವೃತ್ತಿಗಳಿವೆ. ಒಂದರಲ್ಲಿ ಕಥೆ ಮುಂದಕ್ಕೆ ಹೋಗುವಾಗಲೆಲ್ಲ ಡೈರಿಯ ಪುಟಗಳು ತೆರೆಯ ಮೇಲೆ ಬರುತ್ತವೆ, ಓದಿಕೊಳ್ಳಬೇಕು. ಇನ್ನೊಂದರಲ್ಲಿ ಅದೇ ಕಥೆಯನ್ನು ಬ್ರೆನನ್ ತಮ್ಮ ದನಿಯಲ್ಲಿ ಹೇಳುತ್ತಾರೆ, ಆರೇಳು ನಿಮಿಷ ಚಿಕ್ಕದು. ಎರಡನೆಯದನ್ನೇ ಹುಡುಕಿ.